ಅಣ್ಣನ ಕಿವಿ

ಊದಕ್ಕ ಅಂತ ಅವಳಿಗೆ ಹೆಸರಿಟ್ಟವರು ಅಕ್ಕಪಕ್ಕದ ಮನೆಯವರು. ಕೆಲಸದಿಂದ ಬಂದು ಕೈಕಾಲು ತೊಳೆದು, ಕಿಟಕಿ ಮುಚ್ಚಿಕೊಂಡು, ದಿನಾ ಒಂದು ಗಂಟೆ ಸ್ಯಾಕ್ಸೋಫೋನ್ ಊದುವವಳಿಗೆ ಇನ್ನೇನು ಹೆಸರಿಡುತ್ತಾರೆ? ಮೊದಲು ಸಿಟ್ಟಿನಲ್ಲಿ ಕರೆದರು, ಆಮೇಲೆ ಅಭ್ಯಾಸಬಲದಿಂದ ಕರೆದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ, ಒಂದು ದಿನ ಊದದೇ ಇದ್ದರೆ ಮೈಗೆ ಹುಷಾರಿಲ್ಲವೇನೋ ಅಂತ ಬಂದು ಬಾಗಿಲು ತಟ್ಟುವಷ್ಟು ಹತ್ತಿರದವರಾದರು.

ಹಗಲೆಲ್ಲ ಅವಳ ಕೆಲಸ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವುದು, ಅಂಚು ನಯ ಮಾಡುವುದು, ದೀಪಕ್ಕೆ ಹಿಡಿದು ಗೀರು ಇದೆಯೇ ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರಿಗೆ ತಲೆನೋವು. ಅಲ್ಲಿ ಇಪ್ಪತ್ತಾರು ವರ್ಷ ಕೂತು ಅವಳು ಕಂಡುಕೊಂಡ ಒಂದು ಸತ್ಯವೆಂದರೆ, ಕಣ್ಣು ಮಂಜಾದ ಮನುಷ್ಯ ತಾನಾಗಿ ಅಂಗಡಿಗೆ ನಡೆದು ಬರುತ್ತಾನೆ, ಕನ್ನಡಿ ಮುಂದೆ ಹತ್ತು ಫ್ರೇಮು ಹಾಕಿ ತೆಗೆದು ಮಾಡುತ್ತಾನೆ, ಹೆಂಡತಿಯನ್ನು ಕರೆದು ಹೇಗೆ ಕಾಣ್ತೀನಿ ಅಂತ ಕೇಳುತ್ತಾನೆ. ಕಿವಿ ಮಂದವಾದವನು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಈ ಜನ ಇತ್ತೀಚೆಗೆ ಯಾಕೆ ಇಷ್ಟು ಗೊಣಗ್ತಾರೆ ಅಂತ ಊರವರ ಮೇಲೇ ತಪ್ಪು ಹೊರಿಸಿ ಕೂತುಬಿಡುತ್ತಾನೆ.

ಅವಳ ಅಣ್ಣ ಹೀಗೆ ಕೂತು ಒಂದೂವರೆ ವರ್ಷವಾಗಿತ್ತು.

ಬೇರೆ ಯಾರ ಅಣ್ಣನಾದರೂ ಇಷ್ಟು ಕಷ್ಟವಿರಲಿಲ್ಲ. ಇವನ ಕಸುಬೇ ಪಿಯಾನೋಗಳ ಶ್ರುತಿ ಸರಿಮಾಡುವುದು. ಶಾಲೆಗಳು, ಹೋಟೆಲುಗಳು, ದೊಡ್ಡ ಮನೆಗಳು, ಎಲ್ಲಿ ಪಿಯಾನೋ ಇದ್ದರೂ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಇವನೇ ಹೋಗಬೇಕು. ಇನ್ನೂರಕ್ಕೂ ಹೆಚ್ಚು ತಂತಿಗಳನ್ನು ಒಂದೊಂದಾಗಿ ಮೀಟಿ, ಕೀಲಿ ತಿರುವಿ, ಕಿವಿಯಿಂದಲೇ ಕೂರಿಸಿ ಬರುತ್ತಿದ್ದ. ಯಂತ್ರ ಇಟ್ಟುಕೊಂಡು ಶ್ರುತಿ ಮಾಡುವವರನ್ನು ಕಂಡರೆ, "ದೇವರು ತಲೆಯ ಎರಡು ಪಕ್ಕಕ್ಕೆ ಏನನ್ನ ಅಂಟಿಸಿದಾನೆ, ಹ್ಯಾಂಡಲ್ಲಾ?" ಅಂತ ನಗುತ್ತಿದ್ದ. ಅವಳ ಕೈಗೆ ಸ್ಯಾಕ್ಸೋಫೋನ್ ಕೊಟ್ಟವನೂ ಅವನೇ, ಜಾಝ್ ಅಂದರೇನು ಅಂತ ಕಲಿಸಿದವನೂ ಅವನೇ. ಆಗ ಅವಳಿಗೆ ಹದಿನೆಂಟು, ಅವನಿಗೆ ಮೂವತ್ತು. ಅವಳು ಬಿಡುವಿಲ್ಲದೆ ಊದುತ್ತಿದ್ದರೆ ಪಿಯಾನೋ ನಿಲ್ಲಿಸಿ, "ಇಡೀ ಬಕೆಟ್ ಒಂದೇ ಸಲ ಸುರೀಬೇಡ ಕಣೇ, ಕೇಳೋರಿಗೆ ಸ್ವಲ್ಪ ಬಾಯಾರಿಕೆ ಆಗ್ಲಿ" ಅನ್ನುತ್ತಿದ್ದ.

ಆ ಅಣ್ಣ ಈಗ ಒಂದು ಹನಿ ಜಾಗ ಬಿಡದೆ ಬಾರಿಸುತ್ತಿದ್ದ. ಜೊತೆಗೆ, ಜೋರಾಗಿ.

ತಂಡದಲ್ಲಿ ನಾಲ್ಕೇ ಜನ. ಅಣ್ಣ ತಂಗಿ ಬಿಟ್ಟರೆ ಡ್ರಮ್ಸಿಗೆ ಟೈಲರು, ನಿಂತು ಮೀಟುವ ದೊಡ್ಡ ಬೇಸ್ ತಂತಿವಾದ್ಯಕ್ಕೆ ಟಪಾಲಪ್ಪ. ಟಪಾಲಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಭಾನುವಾರ ಬೆಳಿಗ್ಗೆ ಟೈಲರ ಅಂಗಡಿಯ ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿ ಅಭ್ಯಾಸ ಮಾಡುತ್ತಿದ್ದರು. ಅಲ್ಲಿದ್ದದ್ದು ಅಣ್ಣನೇ ಎಲ್ಲಿಂದಲೋ ತಂದ, ಗೋಡೆಗೊರಗಿ ನಿಲ್ಲುವ ಹಳೆಯ ಪಿಯಾನೋ.

ಅಣ್ಣನಿಗೆ ಕೇಳಿಸುತ್ತಿಲ್ಲ ಅನ್ನುವುದು ತಂಡದಲ್ಲಿ ಮೊದಲು ಗೊತ್ತಾದದ್ದು ಟಪಾಲಪ್ಪನಿಗೆ. ಆಮೇಲೆ ಟೈಲರಿಗೆ, ಆಮೇಲೆ ಊದಕ್ಕನಿಗೆ. ಅತ್ತಿಗೆಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು, ಆದರೆ ಅವರು ಬಾಯಿಬಿಟ್ಟಿರಲಿಲ್ಲ. ಊದಕ್ಕ ಒಂದು ದಿನ ಮಾತು ಎತ್ತಿದಾಗ ಅತ್ತಿಗೆ ಅವಳ ಕೈ ಹಿಡಿದುಕೊಂಡರು.

"ಅವರ ಹತ್ರ ಮಾತ್ರ ಹೇಳ್ಬೇಡಮ್ಮ. ಆ ಮನುಷ್ಯನಿಗೆ ಕಿವಿ ಬಿಟ್ರೆ ಇನ್ನೇನಿದೆ? ಗೊತ್ತಾದ್ರೆ ಕೂತಲ್ಲೇ ಮುದುಕ ಆಗ್ಬಿಡ್ತಾರೆ."

"ಗೊತ್ತಾಗ್ದೇ ಇದ್ರೆ ಅತ್ತಿಗೆ? ಹೋಟೆಲಿನವರು ಈ ಸಲ ಬೇರೆಯವರನ್ನ ಕರೆಸಿದ್ದಾರಂತೆ."

"ಗೊತ್ತು. ಅವರು ಪಿಯಾನೋನೇ ಮಾರಿಬಿಟ್ರಂತೆ ಅಂತ ನಾನೇ ಹೇಳಿದೀನಿ."

ಹೀಗೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕಿಕೊಂಡು ಮನೆಯವರೆಲ್ಲ ಅವನ ಸುತ್ತ ಬೆಕ್ಕಿನ ಹೆಜ್ಜೆ ಇಡುತ್ತಿದ್ದರು. ಊದಕ್ಕನಿಗೆ ಅದು ಗಂಟಲಲ್ಲಿ ಸಿಕ್ಕಿದ ಬಿಸಿ ತುತ್ತಾಗಿತ್ತು.

ಅದು ಅಷ್ಟಕ್ಕೇ ಇದ್ದಿದ್ದರೆ ನುಂಗಿಕೊಂಡು ಇರುತ್ತಿದ್ದಳೇನೋ. ಆದರೆ ಅದೇ ಹೊತ್ತಿಗೆ ಅವಳು ಸ್ವಂತದ್ದೊಂದು ಕಟ್ಟಿದ್ದಳು. ನಲವತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ಮೂರು ವರ್ಷ ತಗೊಂಡು ಕಟ್ಟಿದ ಹನ್ನೆರಡು ನಿಮಿಷದ ನುಡಿಸಿಕೆ. ಅದರಲ್ಲಿ ಓಟವಿಲ್ಲ, ಕಸರತ್ತಿಲ್ಲ. ಕೆಳಗಿನ ಒಂದು ಸ್ವರ, ಅರ್ಧ ಉಸಿರಿನಲ್ಲಿ, ಪಿಸುಮಾತಿನಷ್ಟು ಮೆಲ್ಲಗೆ. ಆಮೇಲೆ ಖಾಲಿ. ಮತ್ತೆ ಅದೇ ಸ್ವರ, ಇನ್ನೂ ಮೆಲ್ಲಗೆ. ಮತ್ತೆ ಖಾಲಿ. ಗಾಜು ದೀಪಕ್ಕೆ ಹಿಡಿದಾಗ ಕಣ್ಣು ಒಂದು ಗಳಿಗೆ ಏನನ್ನೂ ನೋಡದೆ ಸುಮ್ಮನೆ ನಿಲ್ಲುತ್ತದಲ್ಲ, ಅಂಥದ್ದೊಂದನ್ನು ಮಾಡಬೇಕು ಅಂತ ಅವಳ ಆಸೆ. ಆ ಖಾಲಿ ಜಾಗ ಉಳಿದರೆ ಅದು ಉಳಿಯಿತು, ಇಲ್ಲದಿದ್ದರೆ ಇಲ್ಲ.

ಅಭ್ಯಾಸದಲ್ಲಿ ಪ್ರತಿ ಸಲ ಅಣ್ಣ ಆ ಜಾಗಕ್ಕೆ ಚಪ್ಪಡಿ ಹಾಕುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ. ಅವಳು ಕೈಸನ್ನೆ ಮಾಡಿದರೆ ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಮುಗಿದ ಮೇಲೆ, "ಅಣ್ಣ, ಸ್ವಲ್ಪ ಮೆಲ್ಲಗೆ" ಅಂದರೆ, "ಮೆಲ್ಲಗೇ ತಾನೆ ಬಾರಿಸಿದ್ದು?" ಅಂತ ನಿಜವಾಗಿ ಆಶ್ಚರ್ಯಪಡುತ್ತಿದ್ದ.

ಗ್ರಂಥಾಲಯದವರು ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಮೇಲಿನ ಓದುವ ಹಾಲಿನಲ್ಲಿ ಸಂಗೀತ ಇಡುತ್ತಿದ್ದರು. ಗ್ರಂಥಪಾಲಕಿ ಕನ್ನಡಕದಂಗಡಿಗೆ ಬಂದಾಗ ತಾವಾಗಿ ಕೇಳಿದರು. "ಗದ್ದಲ ಇಲ್ಲದ್ದು ಬೇಕು. ಜನ ಕೂತು ಸ್ವಲ್ಪ ತಮ್ಮ ಪಾಡಿಗೆ ಯೋಚನೆ ಮಾಡೋ ಹಾಗಿರ್ಬೇಕು." ಊದಕ್ಕನಿಗೆ ತನ್ನ ಹನ್ನೆರಡು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ಜನ್ಮದಲ್ಲಿ ಸಿಗಲಿಕ್ಕಿಲ್ಲ ಅನ್ನಿಸಿತು. ಒಪ್ಪಿಕೊಂಡಳು.

ಆ ಶನಿವಾರ ಅಣ್ಣ ಬೆಳಿಗ್ಗೆಯೇ ಹೋಗಿ ಗ್ರಂಥಾಲಯದ ಪಿಯಾನೋ ಶ್ರುತಿ ಮಾಡಲು ಕೂತಿದ್ದ. ಅವಳು ಮೂರು ಗಂಟೆಗೆ ಅರ್ಧ ದಿನದ ರಜೆ ಹಾಕಿ ಬಂದಾಗ ಕೋಟಿನ ತೋಳು ಇಳಿಸಿಕೊಳ್ಳುತ್ತ ತೃಪ್ತಿಯಿಂದ ನಿಂತಿದ್ದ. "ನೋಡು, ಹೇಗೆ ಕೂತಿದೆ" ಅಂದ. ಅವಳು ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿದಳು. ಕೆಳಗೆ, ನಡುವೆ ಎಲ್ಲ ಸೊಗಸಾಗಿತ್ತು. ಮೇಲಿನ ಸ್ವರಗಳಿಗೆ ಬಂದಾಗ ಹಲ್ಲು ಜುಮ್ಮೆಂದಿತು. ಒಡೆದ ಹಾಲಿನ ಹಾಗೆ ಒಂದೊಂದೂ ಒಂದೊಂದು ಕಡೆ.

"ಮೇಲಿನ ಸ್ವರ ಒಂಚೂರು ಇಳಿದಿದೆ ಅಣ್ಣ" ಅಂದಳು. ನೆಲ ನೋಡಿಕೊಂಡು ಅಂದಳು.

"ಇಳಿಸ್ಬೇಕಾ? ಬೇಡ ಬೇಡ, ಸ್ಟೂಲು ಸರಿಯಾಗೇ ಇದೆ" ಅಂದ ಅಣ್ಣ, ಕೂತು ತೋರಿಸಿದ.

ಅವಳು ಟೈಲರ ಮುಖ ನೋಡಿದಳು. ಟೈಲರು ಡ್ರಮ್ಮಿನ ತಿರುಪು ಬಿಗಿಮಾಡುವುದರಲ್ಲಿ ಮುಳುಗಿಹೋದ. ಹತ್ತಿರ ಹೋಗಿ, "ನೀನಾದ್ರೂ ಹೇಳು" ಅಂದರೆ, "ನಾನಾ? ಅಕ್ಕ, ನನಗೆ ಕಾಲರು ಕಫು ಬಿಟ್ರೆ ಏನೂ ಗೊತ್ತಿಲ್ಲ" ಅಂದ. ಟಪಾಲಪ್ಪ ಕಿಟಕಿಯ ಹೊರಗೆ ಹೋಗುವ ವಾಹನಗಳನ್ನು ಎಣಿಸುವವನಂತೆ ನಿಂತಿದ್ದ. ಇನ್ನು ಮುಕ್ಕಾಲು ಗಂಟೆ ಇತ್ತು. ಈಗ ಹೇಳಿದರೆ ಅವನು ಬಾರಿಸಲಾರ, ಹೇಳದಿದ್ದರೆ ತಾನು ಊದಲಾರೆ. ವಾದ್ಯದ ಬಾಯಿಗೆ ಕಟ್ಟುವ ರೀಡಿನ ಚಕ್ಕೆಯನ್ನು ಬಾಯಲ್ಲಿಟ್ಟು ಒದ್ದೆ ಮಾಡುತ್ತ ಕೂತಳು.

ಅರವತ್ತು ಎಪ್ಪತ್ತು ಜನ ಬಂದರು. ಪುಸ್ತಕದ ಕಪಾಟುಗಳನ್ನು ಪಕ್ಕಕ್ಕೆ ಸರಿಸಿ ಮಡಚುವ ಕುರ್ಚಿ ಹಾಕಿದ್ದರು. ಅತ್ತಿಗೆ ಮೂರನೇ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಗ್ರಂಥಪಾಲಕಿ ಮೆತ್ತಗಿನ ದನಿಯಲ್ಲಿ ನಾಲ್ಕು ಮಾತಾಡಿದರು. "ಏನಂದ್ರು?" ಅಂತ ಅಣ್ಣ ಕೇಳಿದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.

ಮೊದಲಿನ ಎರಡು ಹಾಡು ಎಲ್ಲರಿಗೂ ಗೊತ್ತಿರುವಂಥವು. ಟೈಲರು ತಂತಿ ಬ್ರಷ್ ಹಿಡಿದು ಸರ ಸರ ಆಡಿಸಿದ, ಅಣ್ಣ ಜೋರಿದ್ದರೂ ಹಾಡೇ ಸ್ವಲ್ಪ ಜೋರಿನದಾದ್ದರಿಂದ ನಡೆದುಹೋಯಿತು. ಆಮೇಲೆ ಅವಳದ್ದು.

ಅವಳು ಕಣ್ಣು ಮುಚ್ಚಿ ಕೆಳಗಿನ ಸ್ವರ ಹಿಡಿದಳು. ಬಂತು. ಬೆಚ್ಚಗೆ, ದುಂಡಗೆ, ಮೂರು ವರ್ಷ ಮನಸ್ಸಿನಲ್ಲಿ ಹೇಗಿತ್ತೋ ಹಾಗೇ ಬಂತು. ಸಭೆ ಸ್ತಬ್ಧವಾಯಿತು. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿ ನಿಂತಿತು. ಅವಳು ಸ್ವರವನ್ನು ಕರಗಲು ಬಿಟ್ಟು ವಾದ್ಯದಿಂದ ಬಾಯಿ ತೆಗೆದಳು.

ಆ ಖಾಲಿಯ ಮೇಲೆ ಅಣ್ಣನ ಹತ್ತೂ ಬೆರಳು ಬಿದ್ದವು.

ಎರಡನೇ ಸಲವೂ ಹಾಗೇ. ಅವಳು ಎಡಗೈ ಕೆಳಗಿಳಿಸಿ ಸನ್ನೆ ಮಾಡಿದಳು. ಅವನು ಕಣ್ಣು ಮುಚ್ಚಿದ್ದ. ಅವನ ಹತ್ತಿರ ಸರಿದಳು. ಟೈಲರು ತನ್ನಿಂದಾದಷ್ಟು ತಗ್ಗಿಸಿ ಬ್ರಷ್ಷನ್ನು ಚರ್ಮಕ್ಕೆ ತಾಗಿಸಿದ್ದಾನೋ ಇಲ್ಲವೋ ಅನ್ನುವ ಹಾಗೆ ಆಡಿಸುತ್ತಿದ್ದ. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರ ಕಡೆ ವಾಲಿ, "ಪಿಯಾನೋದವರು ಸ್ವಲ್ಪ ಜಾಸ್ತಿ" ಅಂದರು. ಊದಕ್ಕನಿಗೆ ಕೇಳಿಸಿದ್ದು ಅಣ್ಣನಿಗೆ ಕೇಳಿಸಲಿಲ್ಲ. ಅವನು ಮೇಲಿನ ಸ್ವರಗಳಿಗೆ ಹೋದ. ಒಡೆದ ಹಾಲು ಸಭೆಯ ತುಂಬ ಚೆಲ್ಲಿತು.

ಅವಳು ದನಿ ಏರಿಸಿದಳು. ಏರಿಸಿದ ಮರುಗಳಿಗೆಯೇ ತಾನು ತನ್ನದೇ ಮಗುವಿನ ಕುತ್ತಿಗೆ ಹಿಸುಕುತ್ತಿದ್ದೇನೆ ಅನ್ನಿಸಿತು. ಮೆಲ್ಲಗೆ ಊದಿದರೆ ಮುಳುಗುತ್ತದೆ, ಜೋರಾಗಿ ಊದಿದರೆ ಅದು ಅದೇ ಅಲ್ಲ. ಮೂರು ವರ್ಷ. ಭಾನುವಾರಗಳೆಲ್ಲ. ಅತ್ತಿಗೆ ಬೇಡಿಕೊಂಡ ಮಾತು. ಸ್ಟೂಲು ಸರಿಯಾಗೇ ಇದೆ. ಸಿಟ್ಟು ಉಸಿರಿಗಿಂತ ಮುಂದೆ ಬಂತು. ಅವಳು ಊದುವುದನ್ನು ನಿಲ್ಲಿಸಿ, ಸ್ಯಾಕ್ಸೋಫೋನನ್ನು ಕೊರಳ ಪಟ್ಟಿಗೆ ಜೋತುಬಿಟ್ಟು ಕೈಕಟ್ಟಿ ನಿಂತಳು.

ತಾಳದ ಎರಡು ಆವರ್ತ ನಿಂತರೆ ಅವನೇ ತಿಳಿದುಕೊಳ್ಳುತ್ತಾನೆ, ಕಣ್ಣು ಬಿಡುತ್ತಾನೆ ಅಂತ ಅವಳ ಲೆಕ್ಕ.

ಎರಡು ಕಳೆಯಿತು, ನಾಲ್ಕು ಕಳೆಯಿತು. ಟಪಾಲಪ್ಪನ ಬೆರಳು ನಿಂತವು. ಟೈಲರು ಬ್ರಷ್ಷುಗಳನ್ನು ಮೇಲೆತ್ತಿ ಹಿಡಿದು ಕೂತ. ಅಣ್ಣ ಬಾರಿಸುತ್ತಲೇ ಇದ್ದ. ಅವನು ಒಂಟಿಯಾಗಿ ಮೆರೆಯುತ್ತಿರಲಿಲ್ಲ, ಅವಳ ಜೊತೆಗೇ ಬಾರಿಸುತ್ತಿದ್ದ. ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತಲೆ ಸ್ವಲ್ಪ ತಗ್ಗಿಸಿದ. ಅವಳ ರಾಗ ತಿರುಗುವಲ್ಲಿ ತಾನೂ ತಿರುಗಿದ. ಒಂದು ಎಳೆ ತಪ್ಪಲಿಲ್ಲ. ಅವಳು ಕಟ್ಟಿದ್ದನ್ನು ಅವನು ಅಕ್ಷರ ಅಕ್ಷರ ಬಾಯಿಪಾಠ ಮಾಡಿಕೊಂಡಿದ್ದ. ಅಂದರೆ ಇಷ್ಟು ದಿನ ಅವನು ಕೇಳಿಸಿಕೊಂಡು ಬಾರಿಸುತ್ತಿರಲಿಲ್ಲ, ನೆನಪಿಟ್ಟುಕೊಂಡು ಬಾರಿಸುತ್ತಿದ್ದ.

ಹತ್ತನೇ ಆವರ್ತದಲ್ಲಿ ಒಂದು ಕಡೆ ಸ್ವರ ಮೇಲಿಂದ ಜಾರಿ ಕೆಳಗಿಳಿಯುತ್ತದೆ. ಅವಳಿಗೆ ಚೆನ್ನಾಗಿ ಬರುತ್ತಿದ್ದ ಜಾಗ. ಅಲ್ಲಿಗೆ ಬಂದಾಗ ಅಣ್ಣ ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕು, "ಹ್ಞಾಂ, ಹಾಗೆ" ಅಂದ.

ಜನರಲ್ಲಿ ಇಬ್ಬರು ಮೂವರು ನಕ್ಕರು. ಇದೂ ಆಟದ ಒಂದು ಭಾಗ ಅಂದುಕೊಂಡರು. ಊದಕ್ಕನಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಕಟ್ಟಿದ ಕೈ ಬಿಚ್ಚಿ ಸ್ಯಾಕ್ಸೋಫೋನ್ ಹಿಡಿಯಲು ಹೋದಳು, ಅಷ್ಟರಲ್ಲಿ ಅವನು ಕಣ್ಣು ಬಿಟ್ಟ.

ಅವಳ ಬಾಯಿ ನೋಡಿದ. ಜೋತಾಡುತ್ತಿದ್ದ ವಾದ್ಯ ನೋಡಿದ. ಟಪಾಲಪ್ಪನನ್ನು, ಟೈಲರ ಎತ್ತಿದ ಕೈಗಳನ್ನು ನೋಡಿದ. ಹಿಡಿದ ಸ್ವರಗಳನ್ನು ಪೂರ್ತಿಯಾಗಿ ಮುಗಿಸಿ, ಪೆಡಲಿನಿಂದ ಕಾಲು ತೆಗೆದು, ಕೈ ಎರಡನ್ನೂ ಮಂಡಿಯ ಮೇಲಿಟ್ಟುಕೊಂಡ.

ಅವಳು ಬಯಸಿದ್ದ ಖಾಲಿ ಆಗ ಸಿಕ್ಕಿತು. ಇಡೀ ಸಭೆ ಉಸಿರು ಹಿಡಿದು ಕಾಯುತ್ತಿತ್ತು. ಉಳಿದದ್ದನ್ನು ಅವಳು ಒಬ್ಬಳೇ ಊದಿದಳು, ಕೆಟ್ಟದಾಗಿ ಊದಿದಳು. ಒಂದು ಸ್ವರ ಸೀಳಿತು, ಕೊನೆಯ ಭಾಗವನ್ನು ಬಸ್ಸು ಹಿಡಿಯುವವಳ ಹಾಗೆ ಅವಸರದಲ್ಲಿ ಮುಗಿಸಿದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗ್ರಂಥಪಾಲಕಿ ಕಣ್ಣೊರೆಸಿಕೊಳ್ಳುತ್ತ ಬಂದರು. "ನಡುವೆ ನೀವು ಸುಮ್ಮನಾಗಿ, ಆಮೇಲೆ ಪಿಯಾನೋನೂ ನಿಂತುಬಿಡುತ್ತಲ್ಲ, ಅದೆಂಥ ಯೋಚನೆ." ಊದಕ್ಕ ಥ್ಯಾಂಕ್ಸ್ ಅಂದಳು. ತಲೆಯನ್ನು ಹತ್ತಿರದ ಕಪಾಟಿಗೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಸಭಾಂಗಣದ ಹಿಂದೆ ಹರಿದ ಪುಸ್ತಕಗಳಿಗೆ ಬೈಂಡು ಹಾಕುವ ಚಿಕ್ಕ ಕೋಣೆ. ಗೋಂದಿನ ವಾಸನೆ. ಅಣ್ಣ ಅಲ್ಲಿ ನಿಂತುಕೊಂಡು ಚೀಲಕ್ಕೆ ತನ್ನ ಸಾಮಾನು ತುಂಬುತ್ತಿದ್ದ.

"ಅಷ್ಟು ಜನರ ಮುಂದೆ ನನ್ನನ್ನ ಕೋತಿ ಮಾಡ್ದೆ" ಅಂದ, ಮುಖ ಎತ್ತದೆ.

"ನಾನು ಒಂದೂವರೆ ವರ್ಷದಿಂದ ಹೇಳ್ತಾನೇ ಇದೀನಿ ಅಣ್ಣ."

"ಏನಂತ ಹೇಳಿದೀಯಾ? ಮೆಲ್ಲಗೆ ಬಾರಿಸು ಅಂತ ಹೇಳಿದೀಯಾ. ನಿನಗೆ ಕಿವಿ ಹೋಗಿದೆ ಅಂತ ಒಂದು ಸಲನಾದ್ರೂ ನನ್ನ ಮುಖ ನೋಡಿ ಹೇಳಿದೀಯಾ?"

ಹೇಳಿರಲಿಲ್ಲ. ಗೊಣಗಿದ್ದಳು, ಸನ್ನೆ ಮಾಡಿದ್ದಳು, ಬೇರೆಯವರನ್ನು ಹೇಳು ಅಂತ ದೂಡಿದ್ದಳು. ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದರು. ಅವರು ಅವಳನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

"ನಾನೇ ಬೇಡ ಅಂದಿದ್ದೆ ರೀ" ಅಂದರು ಅತ್ತಿಗೆ ಆಮೇಲೆ.

"ಏನು?" ಅಂದ ಅಣ್ಣ.

ಅತ್ತಿಗೆ ಮತ್ತೆ ಹೇಳಲಿಲ್ಲ. ಅವನು ಚೀಲ ಹೆಗಲಿಗೇರಿಸಿ ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದ.

ಹತ್ತೊಂಬತ್ತು ದಿನ ಮಾತಿಲ್ಲ. ಮೂರು ಭಾನುವಾರ ಮೂವರೇ ಟೈಲರ ಅಂಗಡಿಯಲ್ಲಿ ಕೂತು, ಮುಚ್ಚಿದ ಪಿಯಾನೋ ನೋಡುತ್ತ ಟೀ ಕುಡಿದು ಎದ್ದರು. ಅವಳು ಎರಡು ಗಾಜು ತಪ್ಪಾಗಿ ಉಜ್ಜಿ, ಅಂಗಡಿಯವರಿಂದ ಬೈಸಿಕೊಂಡಳು. ಇಪ್ಪತ್ತನೇ ದಿನ ಕೆಲಸ ಮುಗಿಸಿ ನೇರ ಅಣ್ಣನ ಮನೆಗೆ ಹೋದಳು. ಅವನು ಅಡುಗೆಮನೆ ಮೇಜಿನ ಹತ್ತಿರ ಕೂತಿದ್ದ. ಎದುರಿನ ಕುರ್ಚಿ ಎಳೆದುಕೊಂಡು, ಅವನ ಮುಖ ನೋಡಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದಳು.

"ಅಣ್ಣ, ನಿನಗೆ ಮೇಲಿನ ಸ್ವರ ಕೇಳಿಸ್ತಿಲ್ಲ. ಮೆಲ್ಲಗಿನದು ಕೇಳಿಸ್ತಿಲ್ಲ. ಆ ಪಿಯಾನೋ ತಪ್ಪಾಗಿತ್ತು."

ಅವನು ಮುಂದಿದ್ದ ಲೋಟವನ್ನು ಪಕ್ಕಕ್ಕೆ ಸರಿಸಿದ. "ಟೈಲರಿಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಆ ಟಪಾಲಪ್ಪನಿಗೆ?"

"ಅವನಿಗೇ ಮೊದಲು ಗೊತ್ತಾಗಿದ್ದು."

"ಅವನಿಗೇನು ಬಾಯಲ್ಲಿ ಅಂಟಾ? ದಿನಾ ಸ್ಟಾಂಪು ನೆಕ್ಕಿ ನೆಕ್ಕಿ ಅಂಟಿಕೊಂಡಿದೆಯಾ?" ಅಂದ. ಅವಳಿಗೆ ನಗು ಬಂತು, ಅವನು ನಗಲಿಲ್ಲ. "ಹೋಟೆಲಿನವರು ಪಿಯಾನೋ ಮಾರ್ಲಿಲ್ಲ ಅಲ್ವಾ?"

"ಇಲ್ಲ."

ಕಿವಿಯ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಜಗಳ. ಅಲ್ಲಿ ಅವನನ್ನು ಗಾಜಿನ ಕಿಟಕಿಯ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಬಂದಾಗೆಲ್ಲ ಗುಂಡಿ ಒತ್ತಿ ಅಂದರು. ಅವಳು ಹೊರಗಿನಿಂದ ಅವನ ಹೆಬ್ಬೆರಳನ್ನು ನೋಡುತ್ತ ನಿಂತಳು. ಮೊದಮೊದಲು ಬೆರಳು ಚುರುಕಾಗಿ ಒತ್ತುತ್ತಿತ್ತು. ಆಮೇಲೆ ನಿಂತುಬಿಟ್ಟಿತು. ಪರೀಕ್ಷೆ ಮಾಡುವವರು ಹಾಳೆಯ ಮೇಲೆ ಗುರುತು ಹಾಕುತ್ತ ಹೋದರು, ಗುರುತುಗಳು ಕೆಳಗೆ ಕೆಳಗೆ ಇಳಿದವು, ಅಣ್ಣ ಹೆಬ್ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿಟ್ಟುಕೊಂಡು ಹುಡುಗನ ಹಾಗೆ ನೆಟ್ಟಗೆ ಕೂತು ಕಾಯುತ್ತಲೇ ಇದ್ದ.

ಕಿವಿಗೆ ಯಂತ್ರ ಬಂತು. ಅದರಿಂದ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಪಿಯಾನೋ ತಗಡು ಬಡಿದ ಹಾಗೆ ಕೇಳಿಸುತ್ತದೆ ಅಂತ ಅವನು ಅರ್ಧ ದಿನ ಅದನ್ನು ಕಳಚಿ ಜೇಬಿಗೆ ಹಾಕಿಕೊಂಡಿರುತ್ತಿದ್ದ. ಮೇಲಿನ ಸ್ವರಗಳ ಶ್ರುತಿ ಇನ್ನು ತನ್ನಿಂದಾಗದು ಅಂತ ಗಿರಾಕಿಗಳಿಗೆ ತಾನೇ ಹೋಗಿ ಹೇಳಿಬಂದ. ಹಾಗೆ ಹೇಳಿಬಂದ ದಿನ ಊಟ ಮಾಡಲಿಲ್ಲ ಅಂತ ಅತ್ತಿಗೆ ಹೇಳಿದರು. ಅಭ್ಯಾಸಕ್ಕೆ ಮರಳಿದ ಮೊದಲ ಭಾನುವಾರ ಊದಕ್ಕ ಎರಡು ಸ್ವರ ಊದುವಷ್ಟರಲ್ಲಿ ಅಣ್ಣ ಕೈ ಎತ್ತಿ ನಿಲ್ಲಿಸಿದ.

"ಅದೇನು ಟಕ ಟಕ ಅಂತ?"

"ನನ್ನ ವಾದ್ಯದ ಕೀಲಿಗಳು ಅಣ್ಣ. ಬೆರಳು ಒತ್ತಿದಾಗ ಆಗತ್ತೆ."

"ಉಸಿರು ಬೇರೆ ಕುಕ್ಕರಿನ ಹಾಗೆ ಬರ್ತಿದೆ. ಇಷ್ಟು ವರ್ಷ ಹೀಗೇ ಊದ್ತಿದ್ಯಾ?"

ಟೈಲರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕ. ಅವಳಿಗೆ ನಗಬೇಕೋ ಬ್ಯಾಗು ಎತ್ತಿಕೊಂಡು ಮನೆಗೆ ಹೋಗಬೇಕೋ ತಿಳಿಯಲಿಲ್ಲ.

ಅವಳ ಹನ್ನೆರಡು ನಿಮಿಷದ್ದನ್ನು ಅವನು ಬಾರಿಸಲು ಒಪ್ಪಲಿಲ್ಲ. "ಅದಕ್ಕೆ ಪಿಯಾನೋನೇ ಬೇಡ. ಅವತ್ತು ಅದು ನಿಂತಮೇಲೇ ತಾನೆ ಜನ ಎದ್ದು ಚಪ್ಪಾಳೆ ತಟ್ಟಿದ್ದು" ಅಂದ. ತನಗೆ ಬೇಕು ಅಂದಳು. ಬೇಕಾದರೆ ಬೇರೆಯವರನ್ನು ಹುಡುಕು ಅಂದ. ಅವಳು ಹುಡುಕಲಿಲ್ಲ. ಕೇಳುವುದನ್ನೂ ಬಿಡಲಿಲ್ಲ. ಪ್ರತಿ ಭಾನುವಾರ ಕೇಳಿದಳು, ಪ್ರತಿ ಭಾನುವಾರ ಇಲ್ಲ ಅನ್ನಿಸಿಕೊಂಡಳು. ಹುಣಸೆಹಣ್ಣನ್ನು ಹೊಳೆಯಲ್ಲಿ ತೊಳೆದ ಹಾಗಿತ್ತು. ಐದನೇ ವಾರ ಅವನು ಟೈಲರ ಅಳತೆ ಪುಸ್ತಕದಿಂದ ಒಂದು ಹಾಳೆ ಕಿತ್ತುಕೊಂಡು, ಕತ್ತರಿಸುವ ಮೇಜಿಗೆ ಬಗ್ಗಿ ಅರ್ಧ ಗಂಟೆ ಏನೋ ಬರೆದ. ಪಿಯಾನೋ ಎಲ್ಲೆಲ್ಲಿ ಬರಬೇಕು ಅನ್ನುವುದನ್ನು ಬರೆದಿದ್ದ. ಹಾಳೆಯ ತುಂಬ ಬಿಳಿಯೇ ಇತ್ತು. ಹನ್ನೆರಡು ನಿಮಿಷಕ್ಕೆ ಒಟ್ಟು ಒಂಬತ್ತು ಕಡೆ ಕೈ ಇಡುವುದು, ಅದೂ ಕೆಳಗಿನ ಸ್ವರಗಳಲ್ಲಿ.

"ಯಾರು ಬಾರಿಸಿದ್ರೂ ಇಷ್ಟೇ ಬಾರಿಸ್ಲಿ" ಅಂದ.

ಅವಳು ಅದನ್ನು ತೆಗೆದು ಅವನ ಮುಂದೆಯೇ ಪಿಯಾನೋದ ಮೇಲೆ ನಿಲ್ಲಿಸಿದಳು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ಜೇಬಿನಿಂದ ಯಂತ್ರ ತೆಗೆದು ಕಿವಿಗಿಟ್ಟುಕೊಂಡ.

ಆ ದಿನ ಮೂರು ಸಲ ಶುರು ಮಾಡಿ ಮೂರು ಸಲವೂ ಜಗಳದಲ್ಲಿ ನಿಲ್ಲಿಸಿದರು. ಒಮ್ಮೆ ಅವನು ಬೇಗ ಬಂದ, ಒಮ್ಮೆ ಯಂತ್ರ ಕುಯ್ಯೆಂದು ಕೂಗಿತು, ಒಮ್ಮೆ ಅವನು ಜೋರಾದ ಅಂತ ಅವಳು, ಇಲ್ಲ ಅಂತ ಅವನು. ನಾಲ್ಕನೇ ಸಲ ಅರ್ಧದವರೆಗೆ ಮಾತಿಲ್ಲದೆ ಹೋದರು. ಅಲ್ಲಿ ಅವಳದೇ ಒಂದು ಸ್ವರ ಕೂದಲೆಳೆಯಷ್ಟು ಕೆಳಗೆ ಬಿತ್ತು. ಟೈಲರಿಗೆ ಗೊತ್ತಾಗಲಿಲ್ಲ, ಟಪಾಲಪ್ಪ ಗೊತ್ತಾದರೂ ಹೇಳುವವನಲ್ಲ.

"ಇಳೀತು" ಅಂದ ಅಣ್ಣ.